ಬರಿಗಾಲ ಕಾಕಾ ಮತ್ತು ನಡುಗುವ ಟ್ರಕ್ಕು

ಯಾವ ಗಾಡಿ ಹತ್ತಿದರೂ ಕಾಕಾ ಮೊದಲು ಚಪ್ಪಲಿ ಬಿಡುತ್ತಿದ್ದರು. ಎರಡೂ ಅಂಗಾಲುಗಳನ್ನು ಅಗಲವಾಗಿ ಊರಿ, ಹೆಬ್ಬೆರಳುಗಳನ್ನು ಸ್ವಲ್ಪ ಮೇಲೆತ್ತಿ ಕೂರುತ್ತಿದ್ದರು. ದಪ್ಪ ಚರ್ಮದ, ಹಿಮ್ಮಡಿ ಒಡೆದ ಪಾದಗಳು. ಆ ಬಿರುಕುಗಳಲ್ಲಿ ಹಳೆಯ ಗ್ರೀಸಿನ ಕಪ್ಪು ಹಾಗೇ ಉಳಿದಿತ್ತು. ನಿವೃತ್ತರಾಗಿ ಹದಿಮೂರು ವರ್ಷವಾದರೂ ಹೋಗಿರಲಿಲ್ಲ. ಮಗಳು ಡಾಕ್ಟರು, ಇಲ್ಲಿಯ ಯಾವ್ಯಾವುದೋ ಕ್ರೀಮು ಹಚ್ಚಿ ತಿಕ್ಕಿ ಸೋತಿದ್ದಳು. "ಬಿಡವಾ, ಅದು ನನ್ನ ಸರ್ಟಿಫಿಕೇಟು," ಎನ್ನುತ್ತಿದ್ದರು.

ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಮೆಕ್ಯಾನಿಕ್ಕಾಗಿದ್ದವರು ಅವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್‌ಗೆ ಬಂದರು. ನಮ್ಮದು ಪಕ್ಕದ ಮನೆ. ನಾನು ಮೈಸೂರಿನವಳು, ಎಲ್ಲರಂತೆ ಅಂಕಲ್ ಎಂದೆ. ಅವರಿಗದು ಸರಿಬರಲಿಲ್ಲ. "ಅಂಕಲ್ ಅಂದ್ರ ಇಲ್ಲಿ ನಾಕ್ ಮಂದಿ ತಿರುಗಿ ನೋಡ್ತಾರ. ಕಾಕಾ ಅನ್ನು, ನಾ ಒಬ್ಬಾವನ ತಿರಗ್ತೀನಿ." ಅಂದಿನಿಂದ ಅವರು ನನಗೆ ಕಾಕಾ.

ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಬೀದಿಯಲ್ಲಿ ಹೋಗುವ ಪ್ರತಿ ಕಾರಿನ ಯೋಗಕ್ಷೇಮ ಅವರಿಗೆ ಗೊತ್ತಿತ್ತು. ಸಂಜೆ ವಾಕಿಂಗ್ ಹೊರಟರೆ, "ಆ ನೀಲಿ ಗಾಡಿದು ಬೆಲ್ಟ್ ಹೋಗೂದೈತಿ, ಈ ಮುದುಕಿ ಗಾಡಿದು ಬ್ರೇಕ್ ಸವದೈತಿ," ಎಂದು ಒಂದೊಂದನ್ನೇ ಹೇಳುತ್ತಾ ಬರುವರು. ಒಮ್ಮೆ ನಾವೆಲ್ಲ ಎಂಟು ತಾಸು ಡ್ರೈವ್ ಮಾಡಿಕೊಂಡು ಲ್ಯಾನ್‌ಹ್ಯಾಮ್ ಊರಿನ ಹಿಂದೂ ದೇವಸ್ಥಾನಕ್ಕೆ ಹೋಗಿದ್ದೆವು. ಅರ್ಚನೆ ಮುಗಿಯಿತು, ಪುಳಿಯೋಗರೆಯೂ ಮುಗಿಯಿತು, ಕಾಕಾ ಮಾತ್ರ ಇಲ್ಲ. ಹುಡುಕಿದರೆ ಪಾರ್ಕಿಂಗಿನ ಮೂಲೆಯಲ್ಲಿ, ಯಾರದೋ ವ್ಯಾನಿನ ಮುಂದಿನ ಚಕ್ರಕ್ಕೆ ಒರಗಿ ಕೂತಿದ್ದಾರೆ. ಟೈರಿನ ಮಗ್ಗುಲಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತ್ತು. ಗಾಡಿಯವರು ಬಂದು ಹಾಗೇ ಓಡಿಸಿಕೊಂಡು ಹೋದಾರು ಎಂದು ಒಂದು ಗಂಟೆಯಿಂದ ಕಾವಲು ಕೂತಿದ್ದರು. ರಾಕ್‌ವಿಲ್ ಊರಿನಿಂದ ಬಂದಿದ್ದ ಆ ವ್ಯಾನಿನ ಸಂಸಾರ ಬಂದು, ಟೈರ್ ನೋಡಿ, ಇವರ ಕಾಲಿಗೆ ಬೀಳಲು ಬಂತು. "ಕಾಲಿಗೆ ಬೀಳೂದು ಬ್ಯಾಡ, ಸ್ಟೆಪ್ನಿ ತಗೀರಿ," ಎಂದರು ಕಾಕಾ.

ಈಗ ನನ್ನ ಟ್ರಕ್ಕಿನ ವಿಷಯ. ನಾನು ಪಶುವೈದ್ಯೆ. 2005ರಲ್ಲಿ ಒಂದು ಕ್ಲಿನಿಕ್ಕಿನಲ್ಲಿ ನಾಯಿ ಬೆಕ್ಕುಗಳಿಗೆ ಚುಚ್ಚುಮದ್ದು ಹಾಕಿಕೊಂಡಿದ್ದವಳಿಗೆ, ಹಟ ಹಿಡಿದ ಮೇಲೆ ಕುದುರೆ-ದನಗಳ ಫಾರಂಗಳಿಗೆ ಹೋಗುವ ಕೆಲಸ ಸಿಕ್ಕಿತು. ನಾನು ಪಶುವೈದ್ಯಕೀಯ ಓದಿದ್ದೇ ದೊಡ್ಡ ಪ್ರಾಣಿಗಳಿಗಾಗಿ. ಅದಕ್ಕೆಂದೇ ಹೊಚ್ಚ ಹೊಸ ಪಿಕಪ್ ಟ್ರಕ್ಕು ಕೊಂಡೆ. ಹಿಂದೆ ನೀರಿನ ಟ್ಯಾಂಕು, ಔಷಧಿಯ ಪೆಟ್ಟಿಗೆಗಳು, ಕುದುರೆ ಕಾಲಿನ ಫೋಟೊ ತೆಗೆಯುವ ಎಕ್ಸ್-ರೇ ಯಂತ್ರ, ಎಲ್ಲ ಸೇರಿ ಅರ್ಧ ಟನ್ನು. ಅರವತ್ತು ಮೈಲಿ ವೇಗ ದಾಟಿದೊಡನೆ ಆ ಟ್ರಕ್ಕು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಸ್ಟೀರಿಂಗು ಸುಮ್ಮನಿರುತ್ತಿತ್ತು, ಕೆಳಗಿನ ನೆಲವಷ್ಟೇ ನಡುಗುತ್ತಿತ್ತು. ಎಕ್ಸ್-ರೇ ಯಂತ್ರ ಎರಡು ಸಲ ಕೆಟ್ಟಿತು. ಎರಡನೆಯ ಸಲ ಕ್ಲಿನಿಕ್ಕಿನ ಯಜಮಾನ ಮೆತ್ತಗೆ ಹೇಳಿದ: ಇನ್ನೊಂದು ಸಲ ಹೀಗಾದರೆ ಫಾರಂ ಕೆಲಸ ಬೇರೆಯವರಿಗೆ, ನೀನು ವಾಪಸ್ಸು ಬೆಕ್ಕುಗಳ ಹತ್ತಿರ.

ಡೀಲರ್‌ಶಿಪ್ಪಿಗೆ ಎರಡು ಸಲ ಒಯ್ದೆ. ಎರಡು ಸಲವೂ ಒಂದೇ ಬಗೆಯ ಕಾಗದ ಕೊಟ್ಟರು: ಗ್ರಾಹಕರು ಹೇಳಿದ ತೊಂದರೆ ಕಂಡುಬರಲಿಲ್ಲ. ಸರ್ವಿಸ್ ಮ್ಯಾನೇಜರು ನಗುತ್ತಾ, "ಮ್ಯಾಮ್, ಇದು ಟ್ರಕ್ಕು. ಸೋಫಾ ಅಲ್ಲ," ಎಂದ. ಸೀರೆ ಉಡುವ ಹೆಂಗಸಿಗೆ ಟ್ರಕ್ಕಿನ ಗುಣ ಏನು ಗೊತ್ತು ಎಂಬ ಧಾಟಿ. ನಾನು ಆ ದಿನ ಸೀರೆ ಉಟ್ಟಿರಲೂ ಇಲ್ಲ, ಮೊಣಕಾಲುದ್ದ ರಬ್ಬರ್ ಬೂಟು ಹಾಕಿದ್ದೆ. ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಮೂರನೆಯ ಸಲ ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಭಾನುವಾರ ಮಧ್ಯಾಹ್ನ ಪೆಟ್ಟಿಗೆಗಳನ್ನೆಲ್ಲ ಗರಾಜಿಗೆ ಇಳಿಸಿ, ಟ್ಯಾಂಕು ಬರಿದು ಮಾಡಿ, ಸೋಪು ಹಾಕಿ ಟ್ರಕ್ಕು ತೊಳೆಯುತ್ತಿದ್ದೆ. ಕಾಕಾ ಬೇಲಿಯ ಹತ್ತಿರ ಬಂದು ನಿಂತರು.

"ಮದವಿ ದಿಬ್ಬಣ ಹೊಂಟೈತೇನ, ಗಾಡಿಗೆ ಇಷ್ಟ್ಯಾಕ ಜಳಕ?"

"ಡೀಲರ್ ಹತ್ರ ಕಾಕಾ. ವೈಬ್ರೇಷನ್ ತೋರಿಸ್ಬೇಕು."

"ಮೊದಲ ಎರಡ ಸಲಾನೂ ಹಿಂಗ ತೊಳದು, ಖಾಲಿ ಮಾಡಿ ಒಯ್ದಿದ್ಯೇನ?"

"ಹೂಂ ಮತ್ತೆ! ಕುದುರೆ ಲದ್ದಿ ವಾಸನೆ ಬರೋ ಗಾಡೀನ ಹೊರಗಿನವರ ಕೈಗೆ ಹೆಂಗ್ ಕೊಡೋದು? ಏನಂದ್ಕೋತಾರೆ?"

ಕಾಕಾ ನಕ್ಕರು. ಕೆಮ್ಮು ಬರುವ ತನಕ ನಕ್ಕು, ಬೇಲಿ ಹಿಡಿದುಕೊಂಡು ಕೇಳಿದರು: "ರೈತ ತನ್ನ ಆಕಳ ಬಾಯಿ ತೊಳದು, ಜೊಲ್ಲ ಒರಸಿ, ಮೈ ಉಜ್ಜಿ ನಿನ್ನ ಮುಂದ ತಂದು ನಿಲ್ಲಿಸಿದ್ರ ಏನಂತೀ?"

"ಬೈತೀನಿ. ರೋಗದ ಗುರುತೆಲ್ಲಾ ಒರೆಸಿಬಿಟ್ಟು ಏನ್ ನೋಡ್ಲಿ ಅಂತ..."

"ನಿನಗ ಯಾರು ಬೈಬೇಕು ಈಗ?" ಎಂದರು ಕಾಕಾ.

ಮನೆಗೆ ನೆಂಟರು ಬರುತ್ತಾರೆಂದರೆ ಹಾಸಿಗೆಯ ಕೆಳಗೂ ಗುಡಿಸುವ ವಂಶ ನಮ್ಮದು. ಆ ಮರ್ಯಾದೆಯ ಗೀಳಿನಲ್ಲಿ ನಾನು ಎರಡು ಸಲ ಟ್ರಕ್ಕಿನ ಕಾಯಿಲೆಯನ್ನು ಗರಾಜಿನಲ್ಲಿ ಇಳಿಸಿಟ್ಟು, ಬರೀ ಟ್ರಕ್ಕನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ನಾಚಿಕೆಯಾಯಿತು. ಆದರೆ ನಾಚಿಕೆಪಡಲು ಕಾಕಾ ಸಮಯ ಕೊಡಲಿಲ್ಲ. ಅವರ ಡಿಪೋದ ಪದ್ಧತಿ ಹೇಳಿದರು. ಅಲ್ಲಿ ಡ್ರೈವರ್ ದೂರು ಬರೆಸಿದರೆ ಮೆಕ್ಯಾನಿಕ್ ಅವನ ಪಕ್ಕದಲ್ಲೇ ಕೂತು, ಅದೇ ದಾರಿಯಲ್ಲಿ, ಅಷ್ಟೇ ಭಾರ ಹೇರಿಕೊಂಡು ಹೋಗಿ ನೋಡಬೇಕು. ಜನ ಸಿಗದಿದ್ದರೆ ಸೀಟಿನ ಮೇಲೆ ಮರಳಿನ ಚೀಲ ಇಡುತ್ತಿದ್ದರಂತೆ. "ಖಾಲಿ ಬಸ್ಸಿಗೆ ಯಾವ ರೋಗಾನೂ ಇರೂದಿಲ್ಲ ತಂಗಿ."

ಮತ್ತೆ ಎಲ್ಲವನ್ನೂ ಹೇರಿದೆವು. ಕಾಕಾ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತರು. ಹೆದ್ದಾರಿಯಲ್ಲಿ ಅರವತ್ತೆರಡು ಮೈಲಿಗೆ ನಡುಕ ಶುರುವಾಯಿತು. ಅವರು ಕಣ್ಣು ಮುಚ್ಚಿದರು. "ಆಕ್ಸಿಲೇಟರ್ ಬಿಡು," ಎಂದರು. ಬಿಟ್ಟೆ, ನಡುಕ ನಿಂತಿತು. "ಒತ್ತು." ಒತ್ತಿದೆ, ಬಂತು. ಹಾಗೆ ನಾಲ್ಕು ಸಲ ಮಾಡಿಸಿದರು.

"ಗಾಲಿದಲ್ಲ ಇದು. ಗಾಲಿದಿದ್ರ ಕಾಲ ತಗದ್ರೂ ನಡಗತಿತ್ತು. ಇದು ನಡಾ ಹಿಡದೈತಿ."

ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟು ಆ ಟ್ರಕ್ಕಿನಲ್ಲಿ ಎರಡು ತುಂಡು. ನಡುವೆ ಒಂದು ಬೇರಿಂಗು ಅದನ್ನು ಎತ್ತಿ ಹಿಡಿದಿರುತ್ತದೆ. ಹಿಂದೆ ಭಾರ ಬಿದ್ದು ಟ್ರಕ್ಕು ಕುಸಿದಾಗ ಆ ನಡು ತಪ್ಪಾಗಿ ಬಾಗುತ್ತಿದೆ ಎಂದು ಕಾಕಾ ತಮ್ಮ ಸೊಂಟ ಮುಟ್ಟಿಕೊಂಡೇ ವಿವರಿಸಿದರು.

ಸೋಮವಾರ ಲದ್ದಿಯ ವಾಸನೆ ಸಮೇತ ಡೀಲರ್‌ಶಿಪ್ಪಿಗೆ ಹೋದೆವು. ಮ್ಯಾನೇಜರು ನನ್ನ ಹಳೆಯ ಎರಡು ಕಾಗದಗಳನ್ನು ಮುಂದಿಟ್ಟು ಅದೇ ನಗು ನಕ್ಕ. ಅವನೊಂದಿಗೆ ನಾನು ಜಗಳ ಆಡುತ್ತಿದ್ದಾಗ ಕಾಕಾ ಗಾಜಿನ ಬಾಗಿಲು ತಳ್ಳಿಕೊಂಡು ರಿಪೇರಿ ಶೆಡ್ಡಿನೊಳಗೆ ನಡೆದೇಬಿಟ್ಟರು. ಗ್ರಾಹಕರಿಗೆ ಪ್ರವೇಶವಿಲ್ಲ ಎಂಬ ಬೋರ್ಡಿತ್ತು. ಕಾಕಾ ತಮ್ಮನ್ನು ಎಂದೂ ಗ್ರಾಹಕ ಎಂದುಕೊಂಡವರಲ್ಲ. ಅವರ ಹಿಂದೆ ಓಡಿದೆ.

ಒಳಗೆ ಕರಿ ಟೊಪ್ಪಿಗೆಯ, ನೆರೆತ ಗಡ್ಡದ ಮೆಕ್ಯಾನಿಕ್ ಒಬ್ಬರಿದ್ದರು. ಸೌತ್ ಕ್ಯಾರೊಲೈನಾದಲ್ಲೇ ಹುಟ್ಟಿ ಬೆಳೆದ ಕಪ್ಪು ಮನುಷ್ಯ, ಕಾಕಾನಿಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ಕಾಕಾ ಅವರ ಮುಂದೆ ಹೋಗಿ ನಿಂತರು. ಅಂಗೈ ಮಟ್ಟಸವಾಗಿ ಹಿಡಿದು, ಅದರ ಹಿಂಬದಿಯನ್ನು ನಿಧಾನ ಕೆಳಗಿಳಿಸಿ, ಹೊರಗೆ ನಿಂತ ನನ್ನ ಟ್ರಕ್ಕನ್ನು ತೋರಿಸಿದರು. ಆತ ಬಾಗಿಲ ತನಕ ಬಂದು ಕುಸಿದ ಹಿಂಭಾಗ ನೋಡಿದರು.

"ಹೋದ ಸಲ ನಾನು ನೋಡಿದಾಗ ಈ ಸಾಮಾನೆಲ್ಲ ಇತ್ತಾ?" ಎಂದು ನನ್ನನ್ನು ಕೇಳಿದರು.

ಇಲ್ಲ, ಗೌರವಕ್ಕೆಂದು ತೆಗೆದಿಟ್ಟಿದ್ದೆ ಎಂದೆ.

"ಅಯ್ಯೋ ಮ್ಯಾಮ್, ನೀವು ಪೇಷಂಟಿಗೆ ಭಾನುವಾರದ ಚರ್ಚ್ ಬಟ್ಟೆ ತೊಡಿಸಿ ಕರ್ಕೊಂಡು ಬಂದಿದ್ರಿ!"

ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಕಾಕಾ ಆತನ ಭುಜ ತಟ್ಟಿದರು. ಮುಂದಿನ ಕೆಲಸಕ್ಕೆ ನನ್ನ ಭಾಷಾಂತರ ಹೆಚ್ಚು ಬೇಕಾಗಲಿಲ್ಲ. ನಾನು ಓಡಿಸಿದೆ, ಮೆಕ್ಯಾನಿಕ್ ಪಕ್ಕದಲ್ಲಿ, ಕಾಕಾ ಹಿಂದಿನ ಸೀಟಿನಲ್ಲಿ. ಹೆದ್ದಾರಿಗೆ ಬಂದದ್ದೇ ಕಾಕಾ ಮುಂದೆ ಬಾಗಿ ಆತನ ಬೂಟು ತೋರಿಸಿ, ತೆಗೆಯಿರಿ ಎಂದು ಸನ್ನೆ ಮಾಡಿದರು. ನಾನು ಮುಜುಗರದಿಂದ ಸತ್ತೆ. ಆದರೆ ಆತ ಒಂದು ಗಳಿಗೆ ಕಾಕಾನ ಬರಿಗಾಲು ನೋಡಿ, ಎರಡೂ ಬೂಟುಗಳ ಲೇಸು ಬಿಚ್ಚಿ, ಬಿಳಿ ಕಾಲುಚೀಲದ ಪಾದಗಳನ್ನು ಊರಿದರು. ಅರವತ್ತೆರಡು. ನಡುಕ ಬಂತು. ಕಾಕಾ ಕೈ ಎತ್ತಿದರು, ನಾನು ಕಾಲು ತೆಗೆದೆ, ನಿಂತಿತು. ಮೆಕ್ಯಾನಿಕ್ ತಿರುಗಿ ಕಾಕಾನನ್ನು ನೋಡಿ ತಮ್ಮ ಸೊಂಟ ಮುಟ್ಟಿಕೊಂಡರು. ನಾನು ಅವರಿಗೆ ನಡುವಿನ ಸಂಗತಿ ಹೇಳಿರಲೇ ಇಲ್ಲ. ಕಾಕಾ ಮಗುವಿನಂತೆ ಚಪ್ಪಾಳೆ ತಟ್ಟಿದರು.

ವಾಪಸ್ಸು ಬಂದಾಗ ಮ್ಯಾನೇಜರು ಬಾಗಿಲಲ್ಲೇ ಇದ್ದ. ನನ್ನ ನಾಲಿಗೆ ತುದಿಯಲ್ಲಿ ಒಂದು ಭಾಷಣವೇ ಸಿದ್ಧವಾಗಿತ್ತು. ನಿಮ್ಮ ಶಾಪಿನವರಿಗೆ ಸಿಗದ ದೋಷವನ್ನು ಹುಬ್ಬಳ್ಳಿಯ ಬರಿಗಾಲು ಒಂದೇ ದಿನದಲ್ಲಿ ಹಿಡಿಯಿತು ಎನ್ನಬೇಕೆಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಕಾಕಾ ನನ್ನ ಮಣಿಕಟ್ಟು ಹಿಡಿದರು. ಬಿಗಿಯಾಗಿ ಹಿಡಿದರು. ಮೆಕ್ಯಾನಿಕ್ಕೇ ಹೇಳಿದರು: ದೋಷ ಇದೆ, ನಾನೇ ಕಂಡೆ, ನಡುವಿನ ಬೇರಿಂಗಿನ ಕೋನ ತಪ್ಪಿದೆ, ವಾರಂಟಿಯಲ್ಲಿ ಸರಿಮಾಡಿ ಕೊಡಬೇಕು. ಮ್ಯಾನೇಜರು ಮರುಮಾತಿಲ್ಲದೆ ಬರೆದುಕೊಂಡ.

ಟ್ರಕ್ಕನ್ನು ಅಲ್ಲೇ ಬಿಟ್ಟು, ಅವರು ಕೊಟ್ಟ ಕಾರಿನಲ್ಲಿ ಮನೆಗೆ ಬರುವಾಗ ನಾನು ಸಿಡುಕಿದೆ. "ಯಾಕ್ ಕಾಕಾ ತಡೆದ್ರಿ? ಕಂಡುಹಿಡಿದಿದ್ದು ನೀವು. ಅವನ ಮುಖದ ಮೇಲೆ ಹೇಳ್ಬೇಕಿತ್ತು."

"ನನಗ ನಾಳಿ ಅಲ್ಲಿ ಕೆಲಸಕ್ಕ ಹೋಗೂದೇನಿಲ್ಲ, ಆ ಮೆಕ್ಯಾನಿಕ್ ಮೇಸ್ತ್ರಿಗೆ ಹೋಗೂದೈತಿ," ಎಂದರು. "ಇನ್ನೊಬ್ಬ ಮೇಸ್ತ್ರಿನ ಅವನ ಸಾಹೇಬ್ರ ಮುಂದ ಸಣ್ಣಾವನ ಮಾಡಬಾರದು ತಂಗಿ. ನಿನಗ ಗಾಡಿ ಬೇಕೋ, ಜಗಳ ಬೇಕೋ?"

ನನಗೆ ಎರಡೂ ಬೇಕಿತ್ತು. ಸತ್ಯ ಹೇಳಬೇಕೆಂದರೆ ಜಗಳವೇ ಒಂದು ಹಿಡಿ ಹೆಚ್ಚು ಬೇಕಿತ್ತು.

ಗುರುವಾರ ಟ್ರಕ್ಕು ಕೈಗೆ ಬಂತು. ಅರ್ಧ ಟನ್ನು ಹೇರಿಕೊಂಡು ಕಾಕಾನ ಜೊತೆ ಹೆದ್ದಾರಿಗೆ ಇಳಿದೆ. ಅರವತ್ತು, ಅರವತ್ತೆರಡು, ಅರವತ್ತೈದು, ಎಪ್ಪತ್ತು. ಏನೂ ಇಲ್ಲ! ಪಕ್ಕದ ಊರು ರಾಕ್ ಹಿಲ್ ದಾಟುವ ತನಕ ನಾನು ಕಿಟಕಿ ಇಳಿಸಿ ಕೂಗುತ್ತಲೇ ಇದ್ದೆ. ಕಾಕಾ ಅಂಗಾಲು ಊರಿ, ಕಣ್ಣು ಮುಚ್ಚಿ, "ಹಾಂ, ಈಗ ಉಸರಾಡಾಕತ್ತೈತಿ," ಎಂದರು. ಮಾರನೆಯ ದಿನ ಒಂದು ಹೆಣ್ಣು ಕುದುರೆಯ ಊದಿದ ಮೊಣಕಾಲಿನ ಫೋಟೊವನ್ನು ಅದೇ ಯಂತ್ರದಿಂದ ಸ್ಫಟಿಕದಷ್ಟು ಸ್ಪಷ್ಟವಾಗಿ ತೆಗೆದೆ. ಬೆಕ್ಕುಗಳ ಕಡೆಗೆ ನಾನು ವಾಪಸ್ಸು ಹೋಗಲಿಲ್ಲ. ಇಂದಿಗೂ ಹೋಗಿಲ್ಲ.

ಕಾಕಾ ಮತ್ತೆ ಎರಡು ವರ್ಷ ಇಲ್ಲಿದ್ದರು. ಮನೆಗೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ಕುಗಳಲ್ಲಿ ಯಾರಾದರೂ ಆ ಕಥೆ ತೆಗೆದರೆ, "ಕಂಡುಹಿಡದಾವ ಆ ಕರಿ ಟೊಪ್ಪಿಗಿ ಮೇಸ್ತ್ರಿ. ನಾ ಹಿಂದ ಕುಂತಿದ್ದೆ ಅಷ್ಟ," ಎಂದು ಜೋಳದ ರೊಟ್ಟಿಗೆ ಕೈ ಹಾಕುತ್ತಿದ್ದರು. ಆಮೇಲೆ ತಮ್ಮನ ಮಗಳ ಮದುವೆಗೆಂದು ಹುಬ್ಬಳ್ಳಿಗೆ ಹೋದವರು ಅಲ್ಲೇ ಉಳಿದರು. 2008ರಲ್ಲಿ ಒಂದು ಬೆಳಿಗ್ಗೆ ಅವರ ಮಗಳು ನಮ್ಮ ಬಾಗಿಲು ತಟ್ಟಿದಳು. ಕಾಕಾ ಇನ್ನಿಲ್ಲ ಎಂದು ಅವಳ ಮುಖ ನೋಡಿಯೇ ತಿಳಿಯಿತು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆವು.

ಆ ವಾರ ಆಯಿಲ್ ಬದಲಿಸಲು ಡೀಲರ್‌ಶಿಪ್ಪಿಗೆ ಹೋಗಿದ್ದೆ. ಕರಿ ಟೊಪ್ಪಿಗೆಯ ಮೆಕ್ಯಾನಿಕ್ ಪ್ರತಿಸಲದಂತೆ ನಿಮ್ಮ ಹಿರಿಯರು ಹೇಗಿದ್ದಾರೆ ಎಂದು ಕೇಳಿದರು. ಹೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಟೊಪ್ಪಿಗೆ ತೆಗೆದು ಎದೆಗೆ ಹಿಡಿದರು. ಆಮೇಲೆ ಕೌಂಟರಿನ ಕಡೆಗೆ ನಡೆದರು. ಮ್ಯಾನೇಜರು ಅವನೇ. ನಾಲ್ಕೈದು ಜನ ಗ್ರಾಹಕರಿದ್ದರು, ಇನ್ನಿಬ್ಬರು ಮೆಕ್ಯಾನಿಕ್ಕುಗಳಿದ್ದರು.

"ಈ ಡಾಕ್ಟರಮ್ಮನ ಟ್ರಕ್ಕು ನಡುಗ್ತಿತ್ತಲ್ಲ," ಎಂದರು, "ಅದನ್ನ ಕಂಡುಹಿಡಿದದ್ದು ನಾನಲ್ಲ. ಇವರ ಜೊತೆ ಬಂದಿದ್ದ ಆ ಮೇಸ್ತ್ರಿ. ನನಗೆ ಬೂಟು ಬಿಚ್ಚಿಸಿ ಕಲಿಸಿದರು. ಮೂರು ವರ್ಷ ಆಯ್ತು, ನಾನು ಹೇಳಿರಲಿಲ್ಲ."

ಅವರು ನನ್ನತ್ತ ತಿರುಗಿ, "ಅವರ ಹೆಸರು ಏನಿತ್ತು?" ಎಂದು ಕೇಳಿದರು.

ಹೇಳಿದೆ. ಎರಡು ಸಲ ತಪ್ಪಾಗಿ ಹೇಳಿದರು, ನಾನು ತಿದ್ದಿದೆ. ಮೂರನೆಯ ಸಲ, ಹುಬ್ಬಳ್ಳಿಯವರು ಹೇಳುವಷ್ಟೇ ಸರಿಯಾಗಿ, ಅಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಕಾಕಾನ ಹೆಸರು ಹೇಳಿದರು.