ಇಲ್ಲದ ನಾಯಿಗೆ ಹಾಕಿದ ಬ್ರೇಕ್

ಕರೆಂಟಿನ ಕಾರು ಓಡುತ್ತಿರುವಾಗಲೇ ನಿಮ್ಮಲ್ಲಿ ಯಾರಾದರೂ ‘ಪಾರ್ಕ್’ ಗುಂಡಿ ಒತ್ತಿದ್ದೀರಾ? ನಿಜ ಹೇಳಿ. ನಾನು ಒತ್ತಿದ್ದೇನೆ. ಅದೂ ಕಣ್ಣಿನ ಆಪರೇಷನ್ ಆದ ಮಾವಶಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು.

ಮಾವಶಿ ಅಂದರೆ ನಮ್ಮವ್ವನ ತಂಗಿ. ಸಲಗರೆಯಲ್ಲಿ ಮಗಳ ಮನೆಯಲ್ಲಿರುತ್ತಾಳೆ. ಹೋದ ತಿಂಗಳು ಮಿರಜದಲ್ಲಿ ಎಡಗಣ್ಣಿನ ಪೊರೆ ತೆಗೆಸಿದೆವು, ಬಲಗಣ್ಣಿನದು ಇನ್ನೂ ಬಾಕಿ. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ಕಣ್ಣಿಗೆ ಏನೂ ಬಡಿಯಬಾರದು, ಬಡಿದರೆ ಒಳಗೆ ಕೂರಿಸಿದ ಮಸೂರ ಜರುಗಬಹುದು. ಮಾವಶಿಯ ಮಗಳು, ಅಂದರೆ ನನ್ನ ತಂಗಿ, ಅವ್ವನನ್ನು ಕರೆತರಲು ಊರಿನ ಡ್ರೈವರನ ಗಾಡಿ ಹೇಳಿಟ್ಟಿದ್ದಳು. ನಾನೇ ಫೋನ್ ಮಾಡಿ ಬಿಡಿಸಿದೆ.

“ಅವನ ಡಬ್ಬಾ ಗಾಡಿ ಯಾಕ? ನನ್ನ ಗಾಡ್ಯಾಗ ಹೊಟ್ಟ್ಯಾಗಿನ ನೀರ ಸೈತ ಅಳಗಾಡೂದಿಲ್ಲ.”

“ದಾದಾ, ಗಾಡಿ ತಗೊಂಡ ಇನ್ನಾ ವಾರಾ ಆಗಿಲ್ಲ, ಆಗಲೇ ಅದರ ಪುರಾಣ ಸುರು ಮಾಡಿದಿ?” ಎಂದು ನಕ್ಕಳು. ಆದರೂ ಒಪ್ಪಿದಳು.

ಈಗ ನನ್ನ ಕೈಯ ಕಥೆ ಹೇಳಬೇಕು. ಮಾಧವನಗರದಲ್ಲಿ ನನ್ನದು ಬಟ್ಟೆ ಅಂಗಡಿ. ವರ್ಷಗಟ್ಟಲೆ ಡೀಸೆಲ್ ಟೆಂಪೋ ಓಡಿಸಿದವನು ನಾನು. ಇಳಿಜಾರು ಬಂತೆಂದರೆ ನಮ್ಮ ಪೇಟೆಯವರೆಲ್ಲ ಗಾಡಿ ನ್ಯೂಟ್ರಲ್ ಮಾಡುತ್ತಾರೆ, ಡೀಸೆಲ್ ಉಳಿಯುತ್ತದೆ ಅಂತ. ಗೇರಿನಲ್ಲೇ ಇಳಿದರೆ, “ಏನ್ರಿ ಶೇಠ, ಹಿತ್ತಲದಾಗ ಡೀಸೆಲ್ ಬಾವಿ ಹತ್ತೈತೇನ?” ಎಂದು ನಗುತ್ತಾರೆ. ಕರೆಂಟಿನ ಕಾರಿಗೆ ಇದು ಬೇಕಿಲ್ಲ. ಪೆಡಲಿನಿಂದ ಕಾಲು ತೆಗೆದರೆ ಅದು ತಾನೇ ನಿಧಾನವಾಗುತ್ತದೆ, ಇಳಿಜಾರಿನಲ್ಲಿ ಬ್ಯಾಟರಿಯನ್ನೂ ತುಂಬಿಕೊಳ್ಳುತ್ತದೆ. ಶೋರೂಮಿನವರು ಇದನ್ನೆಲ್ಲ ನನಗೆ ಹೇಳಿದ್ದರು. ನನ್ನ ಕೈಗೆ ಯಾರೂ ಹೇಳಿರಲಿಲ್ಲ.

ಮಿರಜ ದಾಟಿ ರೈಲ್ವೆ ಸೇತುವೆ ಇಳಿಯುವಾಗ ಕೈ ತಾನೇ ಹೋಯಿತು. ನ್ಯೂಟ್ರಲ್‌ಗೆ ಗೇರಿನ ದುಂಡನೆಯ ತಿರುಗಣಿಯನ್ನು ತಿರುಗಿಸಬೇಕು, ನಾನು ನಡುವಿನ ಪಾರ್ಕ್ ಗುಂಡಿ ಒತ್ತಿದೆ. ಗಾಡಿ ಪೀಂ ಪೀಂ ಎಂದು ಕೂಗಿತು, ಎದುರಿನ ಪರದೆಯಲ್ಲಿ ಕೆಂಪು ಅಕ್ಷರ ಬಂತು. ಅಷ್ಟೇ. ವೇಗ ಇದ್ದಾಗ ಅದು ನಮ್ಮ ಮಾತು ಕೇಳುವುದಿಲ್ಲ.

ಮಾವಶಿ ಮುಂದಕ್ಕೆ ಬಾಗಿದಳು. “ಏನೋ ಅದು, ಕೂಗಾಕತ್ತೈತಿ?”

“ಏನಿಲ್ಲ ಮಾವಶಿ, ಗಾಡಿ ಭಾಳ ಶಾಣ್ಯಾ ಐತಿ.”

ಕೆಳಗೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಇತ್ತು. ನಮ್ಮ ವೇಗ ಮನುಷ್ಯ ನಡೆಯುವಷ್ಟಕ್ಕೆ ಇಳಿಯಿತು. ನ್ಯೂಟ್ರಲ್ ಬಿದ್ದಿಲ್ಲವಲ್ಲ ಎಂದು ನಾನು ಅದೇ ಗುಂಡಿಯನ್ನು ಮತ್ತೆ ಒತ್ತಿದೆ, ಈ ಸಲ ಜೋರಾಗಿ. ಈ ಸಲ ಕೇಳಿತು! ಕಟಕಟ ಸದ್ದು, ಆಮೇಲೆ ಗೋಡೆಗೆ ಗುದ್ದಿದ ಹಾಗೆ ಧಡ್ ಎಂದು ನಿಂತಿತು. ವೇಗ ತೀರಾ ಕಡಿಮೆ ಇದ್ದರೆ ಉಕ್ಕಿನ ಹಲ್ಲೊಂದು ಒಳಗಿನ ಹಲ್ಲುಗಾಲಿಗೆ ಸಿಕ್ಕಿಕೊಳ್ಳುತ್ತದಂತೆ. ಬೇರೆ ಕೆಲವು ಕಾರು ನ್ಯೂಟ್ರಲ್‌ಗೆ ಹೋಗುತ್ತವಂತೆ, ಕೆಲವು ತಾವೇ ಬ್ರೇಕ್ ಹಾಕುತ್ತವಂತೆ. ಇದೆಲ್ಲ ನಾನು ಆಮೇಲೆ ಓದಿದ್ದು. ಮಾವಶಿಗೆ ಬೆಲ್ಟ್ ಹಾಕಿಸಿರಲಿಲ್ಲ. ಅವಳ ಹಣೆ ನನ್ನ ಸೀಟಿಗೆ ಬಡಿಯಿತು, ಕರಿ ಕನ್ನಡಕ ಎಡಗಣ್ಣಿಗೆ ಒತ್ತಿತು.

“ಅಯ್ಯಯ್ಯ ಶಿವನ!”

“ಕಾಣತೈತೇನ ಮಾವಶಿ?”

“ತಡಿಯೋ. ಕಣ್ಣ ತಗ್ಯಾಕ ಹೆದರಿಕಿ ಆಗತೈತಿ.”

ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಗಾಡಿ ತಿರುಗಿಸಿ ಮತ್ತೆ ಆಸ್ಪತ್ರೆಗೆ ಹೋದೆ. ಡಾಕ್ಟರು, “ಕಾಯ್ ಝಾಲಂ ಆಜಿ?” ಎಂದು, ಏನಾಯಿತಜ್ಜಿ ಅಂತ, ಕೇಳಿದ್ದೇ ತಡ, ನಾನು ಬಾಯಿ ತೆಗೆಯುವ ಮೊದಲೇ ಮಾವಶಿ ಮರಾಠಿಯಲ್ಲಿ ಹೇಳಿಬಿಟ್ಟಳು: ನಾಯಿ ಅಡ್ಡ ಬಂತು ಸಾಹೇಬ, ನಮ್ಮ ಹುಡುಗ ಅದನ್ನ ಉಳಿಸಿದ. ತಲೆ ನರೆತ ಹುಡುಗ ನಾನು, ಹೌದೆಂದು ತಲೆ ಆಡಿಸಿದೆ.

ಮಸೂರ ಜರುಗಿರಲಿಲ್ಲ. ಮೇಲೆ ಬಾವು ಬಂದಿತ್ತು, ಇನ್ನಷ್ಟು ದಿನ ಔಷಧ ಹಾಕಬೇಕೆಂದರು.

ಸಲಗರೆ ಮುಟ್ಟಿದಾಗ ಮಾವಶಿ ನಾಯಿಯ ಕಥೆಯನ್ನು ಮಗಳಿಗೂ ಹೇಳಿದಳು. ಈಗ ಅದು ಕರಿ ನಾಯಿ, ಬಿಳಿ ಬಾಲ. ತಂಗಿ ನನಗೆ ಚಹಾ ತಂದು ಕೊಟ್ಟಳು. “ಒಂದ ಜೀವ ಉಳಿಸಿದಿ ಬಿಡು ದಾದಾ.” ನಾನು ಚಹಾ ಕುಡಿದೆ.

ಕಣ್ಣಿಗೆ ಔಷಧ ಹಾಕಲು ಕೂತ ತಂಗಿಯ ಕೈ ನಡುವೆಯೇ ನಿಂತಿತು. “ಅವ್ವಾ, ಬಾಗಲದಾಗ ನಿಂತ ನನ್ನ ಗುರ್ತ ಹಿಡಿಯವಲ್ಲಿ ಅಂತ ಆಪರೇಷನ್ ಮಾಡಿಸೇವಿ. ಹೊಸಾ ಕಣ್ಣ ಇನ್ನಾ ನೆಟ್ಟಗ ತೆರದಿಲ್ಲ, ನಾಯಿ ಬಾಲ ಹೆಂಗ ಕಂಡತು ನಿನಗ?”

“ನಿನ್ನ ಮಾರಿಗಿಂತ ಛಲೋ ಕಂಡತು. ಬಾಯಿ ಮುಚ್ಚಗೊಂಡ ಔಷಧ ಹಾಕ.”

ತಂಗಿ ನಕ್ಕಳು, ಆದರೆ ನನ್ನನ್ನು ನೋಡಿದಳು. ಹೇಳಬೇಕಾದ ಹೊತ್ತು ಅದೇ ಆಗಿತ್ತು. ನಾನು ಕಪ್ಪಿನೊಳಗೆ ನೋಡುತ್ತ, “ನಾಯಿ ಭಾಳ ಜೋರ ಬಂತು” ಎಂದೆ.

ಮುಂದಿನ ತಿಂಗಳು ಬಲಗಣ್ಣಿನ ಆಪರೇಷನ್. ತಂಗಿ ಆಗಲೇ ಊರಿನ ಡ್ರೈವರನಿಗೆ ಹೇಳಿಟ್ಟಿದ್ದಾಳೆ, ನನ್ನನ್ನು ಕೇಳಲಿಲ್ಲ. ನಾನು ಇಲ್ಲಿ ಬರೆದದ್ದನ್ನೆಲ್ಲ ಅವಳು ಓದುತ್ತಾಳೆ. ತಂಗಿ, ನಾಯಿ ಇರಲಿಲ್ಲ. ಅವ್ವನನ್ನು ಬೈಯಬೇಡ, ಅವಳು ನನ್ನ ಮಾನ ಕಾಯಲು ಹೇಳಿದ್ದು.

ಉಳಿದವರೂ ಹೇಳಿ. ಓಡುವ ಕಾರಿನಲ್ಲಿ ಆ ಗುಂಡಿ ಒತ್ತಿದಾಗ ನಿಮ್ಮ ಗಾಡಿ ಏನು ಮಾಡಿತು? ಆಮೇಲೆ ನೀವು ಯಾವ ನಾಯಿಯ ಹೆಸರು ಹೇಳಿದಿರಿ? ಕೆಳಗೆ ಬರೆಯಿರಿ, ನಾನೊಬ್ಬನೇ ಅಲ್ಲ ಅಂತಾದರೂ ಗೊತ್ತಾಗಲಿ.