ಗಂಧಕದ ಹೊಗೆ ಮತ್ತು ಅವಳ ಹೂವುಗಳು

ನನ್ನ ಹೆಂಡತಿ ಅಂಗಡಿಯ ಬಣ್ಣ ಮುಟ್ಟಿದವಳಲ್ಲ. ದಾಸವಾಳ ಅರೆದು ಕೆಂಪು, ಶಂಖಪುಷ್ಪ ಕುದಿಸಿ ನೀಲಿ. ಗಿಡ, ಹೂವು, ಹೊಳೆ ಬಿಟ್ಟು ಬೇರೆ ಬರೆಯುತ್ತಿರಲಿಲ್ಲ. ಚಿಕ್ಕೋಡಿಯ ನಮ್ಮ ಅಡುಗೆಮನೆಯಲ್ಲಿ ಸಾರಿನ ಪಾತ್ರೆ ಯಾವುದು, ಬಣ್ಣದ್ದು ಯಾವುದು ತಿಳಿಯದೆ ನಾನು ಕೂಗಾಡುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ನನಗೆ. "ಹಸಿವಾದ್ರ ನಿಮಗ ಕಣ್ಣ ಕಾಣೂದಿಲ್ಲ ಬಿಡ್ರಿ" ಎಂದು ನಗುತ್ತಿದ್ದಳು.

ಲಕ್ವಾ ಹೊಡೆದು ಅವಳ ಬಲಗೈ, ಬಲಗಾಲು ಬಿದ್ದುಹೋದವು. ಕುಂಚ ಹಿಡಿಯುವುದು ಅಲ್ಲಿಗೆ ಮುಗಿಯಿತು. ಆಮೇಲೆ ಅವಳು ಕೇಳಿದ್ದು ಇಷ್ಟೇ: "ತಮ್ಮನ ತ್ವಾಟದಾಗ ನನ್ನ ಚಿತ್ರಾ ಎಲ್ಲಾ ಒಮ್ಮೆ ಕೂಡಿ ತೂಗಹಾಕ್ರಿ. ನಾಕ ಮಂದಿ ನೋಡ್ಲಿ. ನಾನೂ ಕಣ್ತುಂಬ ನೋಡ್ತೀನಿ."

ಅವಳ ತಮ್ಮನದು ಅಥಣಿ ಕಡೆ ದ್ರಾಕ್ಷಿ ತೋಟ. ಬೇಸಿಗೆಯಲ್ಲಿ ಬಳ್ಳಿ ಕತ್ತರಿಸಿಯಾಗಿತ್ತು, ಚಪ್ಪರ ಬೋಳಾಗಿತ್ತು. ಬದಿಯ ಬೇವಿನ ಮರಗಳ ನಡುವೆ ಹಗ್ಗ ಕಟ್ಟಿ ಚಿತ್ರಗಳನ್ನು ತೂಗುಹಾಕಿ, ಮರುದಿನ ಅವಳನ್ನು ಕರೆತರಲು ನಾನು ಚಿಕ್ಕೋಡಿಗೆ ಮರಳಿದೆ. ಸಂಜೆ ಗಾಳಿ ಎದ್ದು ಮೋಡ ಕವಿಯಿತಂತೆ. ತಮ್ಮ ಗಡಿಬಿಡಿಯಲ್ಲಿ ಎಲ್ಲವನ್ನೂ ಬಿಚ್ಚಿ ಮನೂಕಿ, ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡಿಗೆ ಒಯ್ದು, ದ್ರಾಕ್ಷಿ ಒಣಗಿಸುವ ಜಾಳಿಯ ಮೇಲೆ ಹರಡಿದ. ಸುತ್ತ ತಾಡಪತ್ರಿ ಇಳಿಬಿಟ್ಟು, ಕೆಳಗೆ ಗಂಧಕದ ಹೊಗೆ ಕೊಟ್ಟ. ಮನೂಕಿ ಹೊಂಬಣ್ಣಕ್ಕೆ ಬರಲಿ, ಹುಳು ಹತ್ತದಿರಲಿ ಎಂದು ಪ್ರತಿ ವರ್ಷ ಕೊಡುವ ಹೊಗೆ ಅದು.

ನಾವು ಹೋಗುವಷ್ಟರಲ್ಲಿ ಮತ್ತೆ ತೂಗುಹಾಕಿದ್ದ. "ಒಂದ ಹುಳಾ ಮುಟ್ಟಿಲ್ಲ ನೋಡ್ರಿ ಮಾಮಾ! ಮನೂಕಿ ಕಾದಂಗ ಕಾದೀನಿ."

ಅಯ್ಯೋ ದೇವರೇ! ಎಲೆಗಳಿದ್ದವು, ಹೂವುಗಳಿರಲಿಲ್ಲ. ಅಂಕಲಿಯ ಹೊಳೆಯ ಚಿತ್ರದಲ್ಲಿ ನೀರ ಮೇಲಿನ ಸಂಜೆಗೆಂಪು ಒಗೆದೊಗೆದು ಸವೆದ ಸೀರೆಯ ಹಾಗೆ ಬಿಳಿಚಿಕೊಂಡಿತ್ತು. ಹೂವಿನ ಬಣ್ಣವನ್ನೆಲ್ಲ ಗಂಧಕ ತಿಂದುಹಾಕಿತ್ತು. ಚಿತ್ರವನ್ನು ದಿಟ್ಟಿಸಿ ನೋಡುವ ಆಸಾಮಿಯಲ್ಲ ಅವನು. ಅಕ್ಕನ ಕೈಯವು ಎಂಬುದಷ್ಟೇ ಅವನಿಗೆ ಗೊತ್ತು.

"ಲೇ, ತಲಿಯಾಗ ಏನ ತುಂಬೈತಿ..." ಎಂದು ಬಾಯಿ ತೆರೆದೆ. ಗಾಲಿಕುರ್ಚಿಯಲ್ಲಿದ್ದವಳು ಎಡಗೈಯಿಂದ ನನ್ನ ಅಂಗಿ ಜಗ್ಗಿದಳು. ಒಂದೊಂದು ಚಿತ್ರದ ಮುಂದೂ ಕುರ್ಚಿ ನಿಲ್ಲಿಸಿಕೊಂಡು ನೋಡಿದಳು.

"ಬಾಳ ಛಲೋ ಕಾದಿ ತಮ್ಮಾ" ಎಂದಳು.

ರಾಯಬಾಗ, ಕಾಗವಾಡದಿಂದ ಬೀಗರು ಬಂದರು. ಎಷ್ಟು ತಿಳಿಯಾದ ಬಣ್ಣ, ಕಣ್ಣಿಗೆ ತಂಪು ಎಂದು ಹೊಗಳಿದರು. ಅವಳು ತಲೆ ಆಡಿಸುತ್ತ ಕೂತಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಬಾವಿಯ ಕಡೆ ನಡೆದುಬಿಟ್ಟೆ.

ಮರಳುವಾಗ ಕಾರಿನಲ್ಲಿ ಬಿಕ್ಕಿಬಿಕ್ಕಿ ಅತ್ತಳು. "ಅವಗ ಎಂದೂ ಗೊತ್ತಾಗಬಾರ್ದು. ನಿಮ್ಮ ಸಿಟ್ಟಿನಾಗೂ ಬಾಯಿ ಬಿಡಬಾರ್ದು. ಆಣಿ ಮಾಡ್ರಿ." ಮಾಡಿದೆ.

ಮಳೆ ಹಿಡಿಯುವ ಮೊದಲೇ ಅವಳು ಹೋದಳು. ಹೊಳೆಯ ಚಿತ್ರವನ್ನು ತಮ್ಮ ಕೇಳಿ ಪಡೆದು, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾನೆ. ಯಾರೇ ಬರಲಿ, ಅವರನ್ನು ಅದರ ಮುಂದೆ ನಿಲ್ಲಿಸುತ್ತಾನೆ.

"ನಮ್ಮಕ್ಕಗ ಕೆಂಪ ಬಣ್ಣಾ ಸೇರತಿದ್ದಿಲ್ರಿ" ಎಂದು ಹೇಳಿ ನನ್ನ ಕಡೆ ತಿರುಗುತ್ತಾನೆ. "ಹೌದಲ್ರಿ ಮಾಮಾ?"



"ಹೌದಪಾ" ಎನ್ನುತ್ತೇನೆ.