ಕಿವಿಯಕ್ಕ ಮತ್ತು ಬಸ್‌ಸ್ಟ್ಯಾಂಡಿನ ದನಿ

ಇಸ್ತ್ರಿ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ. ಅಲ್ಲಿ ಕೂತು, ಕೆಟ್ಟುಹೋದ ಹಾರ್ಡ್ ಡಿಸ್ಕುಗಳ ಒಳಗಿರುವುದನ್ನು ಹೊರಗೆ ತೆಗೆದುಕೊಡುವ ಹೆಂಗಸಿಗೆ ಬೀದಿಯವರೆಲ್ಲ ಇಟ್ಟ ಹೆಸರು ಕಿವಿಯಕ್ಕ. ರಿಪೇರಿಯವಳು ಅಂತ ಯಾರಾದರೂ ಅಂದರೆ ಸಿಡುಕುತ್ತಾಳೆ. "ರಿಪೇರಿ ಅಲ್ಲಪ್ಪಾ! ಡಿಸ್ಕು ಎಕ್ಕುಟ್ಟಿ ಹೋಗ್ಲಿ, ಯಾರಿಗೆ ಬೇಕು ಅದು? ಒಳಗಿರೋದು ಬದುಕಬೇಕು."

ಹೆಸರೇನೂ ಸುಮ್ಮನೆ ಬಂದದ್ದಲ್ಲ. ಅವಳಪ್ಪ ಹೊಲಿಗೆ ಮಷೀನಿನ ಮೆಕ್ಯಾನಿಕ್. ಗಿರಾಕಿ ಮಷೀನು ತುಳಿಯುವಾಗ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿದ್ದ ಏಳು ವರ್ಷದ ಮಗಳು "ಸೂಜಿ ಸೊಟ್ಟ" ಅಂದುಬಿಡುತ್ತಿದ್ದಳು, ಸೂಜಿ ಸೊಟ್ಟಗೇ ಇರುತ್ತಿತ್ತು. ಈಗ ಅವಳಿಗೆ ನಲವತ್ತೆಂಟು. ಡಿಸ್ಕನ್ನು ಕಿವಿಗೆ ಹಿಡಿದು ಅರೆಕ್ಷಣ ಕರೆಂಟು ಕೊಡುತ್ತಾಳೆ. ಟಿಕ್ ಟಿಕ್ ಅಂದರೆ ಓದುವ ಮುಳ್ಳು ಹೋಗಿದೆ, ಕೊಂಯ್ ಅಂತ ನರಳಿದರೆ ಮೋಟರು ಹಿಡಿದುಕೊಂಡಿದೆ. ತನ್ನ ಕಿವಿ ಒಂದು ಸಲವೂ ತಪ್ಪಿಲ್ಲ ಅಂತ ಅವಳದೇ ಪ್ರಚಾರ. ಸ್ವಲ್ಪ ಜಂಭ ಹೌದು. ಇರಲಿ ಬಿಡಿ, ಕೆಲಸ ಬಲ್ಲವರಿಗೆ ಅಷ್ಟು ಜಂಭ ಒಪ್ಪುತ್ತದೆ.

ಜಂಭಕ್ಕಿಂತ ದೊಡ್ಡ ಕಾಯಿಲೆ ಕುತೂಹಲ. ಡಿಸ್ಕು ಬಂದ ತಕ್ಷಣ ಅವಳು ಕೇಳುವುದು ಒಂದೇ ಪ್ರಶ್ನೆ: "ಇದು ಕೆಟ್ಟ ಮೇಲೆ ನೀವೇನು ಮಾಡಿದ್ರಿ?" ಎಲ್ಲರೂ ಕೊಡುವುದು ಒಂದೇ ಉತ್ತರ: "ಏನೂ ಮಾಡ್ಲಿಲ್ಲ." ಅಪ್ಪಟ ಸುಳ್ಳು! ಕುಟ್ಟಿರುತ್ತಾರೆ, ಅಲ್ಲಾಡಿಸಿರುತ್ತಾರೆ, ಇಪ್ಪತ್ತು ಸಲ ಆನ್ ಮಾಡಿರುತ್ತಾರೆ. ಆ ಸುಳ್ಳನ್ನು ಕೆದಕಿ ನಿಜ ಹೊರಗೆ ಎಳೆಯುವುದೆಂದರೆ ಅವಳಿಗೆ ಊಟಕ್ಕಿಂತ ರುಚಿ.

ಒಂದು ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬಾತ ನಿಂತು "ಒಳಗೆ ಬರಬಹುದೇ?" ಅಂದ. ಕಿವಿಯಕ್ಕನ ಕಿವಿ ನಿಮಿರಿತು. ಈ ದನಿ ಗೊತ್ತು! ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕೇಳುವ ದನಿ. ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ಅರ್ಧ ಗಂಟೆ ತಡ ಅಂತ ಮೈಕಿನಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳುವ ದನಿ.

"ಓಹೋ, ನೀವಾ! ಏಳೂವರೆ ಬಸ್ಸು ನಿನ್ನೆ ಯಾಕ್ರೀ ಅಷ್ಟು ಲೇಟು?"

ಆತ ನಗಲಿಲ್ಲ. ಚೀಲದಿಂದ ಕರೀ ಡಿಸ್ಕು ತೆಗೆದು ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟ. ಬೀರುವಿನ ಮೇಲಿಂದ ತೆಗೆಯುವಾಗ ಕೈಜಾರಿ ಬಿತ್ತಂತೆ. ಆಮೇಲೆ? "ಏನೂ ಮಾಡ್ಲಿಲ್ಲ." ಕಿವಿಯಕ್ಕ ಡಿಸ್ಕನ್ನು ಮೂಸಿದಳು. ಅಂಚಿನ ಸ್ಕ್ರೂಗಳ ಸುತ್ತ ಹೊಸಾ ತುಕ್ಕು.

"ಫ್ರಿಜ್ಜಿನಲ್ಲಿ ಎಷ್ಟು ದಿನ ಇಟ್ಟಿದ್ರಿ?"

ಆತನ ಮುಖ ಹುಳ್ಳಗಾಯಿತು. "ಒಂದೇ ರಾತ್ರಿ... ಕಂಡಕ್ಟರ್ ಒಬ್ಬ ಹೇಳಿದ, ತಣ್ಣಗಾದ್ರೆ ಸರಿಹೋಗುತ್ತೆ ಅಂತ."

"ಅವನಿಗೆ ಜ್ವರ ಬಂದಾಗ ಅವನನ್ನೇ ಫ್ರಿಜ್ಜಲ್ಲಿಡಿ!" ಅಂತ ರೇಗಿದಳು. ರೇಗಿದ ಮೇಲೆ, ಒಳಗೇನಿದೆ ಅಂತ ಕೇಳಿದಳು.

ಆತ ಹೇಳಿದ. ಅವನಿಗೆ ಎಂಟು ವರ್ಷದ ಮಗಳು. ಮಾತು ಉಗ್ಗುತ್ತದೆ. ಕ್ಲಾಸಿನಲ್ಲಿ ಪಾಠ ಓದುವಾಗ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಳು, ಮಕ್ಕಳು ನಕ್ಕರು. ಅವತ್ತು ಬಾಯಿಗೆ ಬೀಗ ಹಾಕಿಕೊಂಡವಳು ಮೂರು ತಿಂಗಳಾದರೂ ಹೊರಗಿನವರ ಮುಂದೆ ಒಂದಕ್ಷರ ಆಡಿಲ್ಲ. ಮನೆಯಲ್ಲೂ ಈಗ ತಲೆ ಅಲ್ಲಾಡಿಸುವುದೇ ಹೆಚ್ಚು.

"ನಾನೂ ಹಾಗೇ ಇದ್ದೆ ಮೇಡಂ. ಇಪ್ಪತ್ತೆರಡು ವರ್ಷದವರೆಗೆ ನನ್ನ ಹೆಸರು ಹೇಳೋಕೆ ಬರ್ತಿರ್ಲಿಲ್ಲ. ಮಾತು ಕಲಿಸೋ ಮೇಷ್ಟ್ರು ದಿನಾ ಐದು ನಿಮಿಷ ರೆಕಾರ್ಡ್ ಮಾಡಿಸ್ತಿದ್ರು. ಮಗಳಿಗೆ ಹೇಳಿದೆ, ನಿನ್ನಪ್ಪನೂ ಹೀಗೇ ಇದ್ದ ಕಣೇ ಅಂತ. ಅವಳು ಹಾಳೆ ಮೇಲೆ 'ಸುಳ್ಳು' ಅಂತ ಬರೆದು ತೋರಿಸಿದ್ಲು. ಊರಿಗೆಲ್ಲ ಕೇಳೋ ಹಾಗೆ ಮಾತಾಡೋನು, ಅವಳನ್ನ ಸಮಾಧಾನ ಮಾಡೋಕೆ ಕಥೆ ಕಟ್ತಿದಾನೆ ಅಂದ್ಕೊಂಡಿದಾಳೆ. ನಮ್ಮಮ್ಮ ಹೇಳಿದ್ರೆ 'ಅಜ್ಜಿ ನಿನ್ನ ಪಾರ್ಟಿ' ಅಂತ ಬರೀತಾಳೆ. ಸಾಕ್ಷಿ ಇರೋದು ಇದೊಂದರಲ್ಲೇ."

ಕಿವಿಯಕ್ಕ ಡಿಸ್ಕನ್ನು ತನ್ನ ಕಡೆ ಎಳೆದುಕೊಂಡಳು. ಕನಿಕರ ಬಂದರೂ ಕೆಲಸದವಳು ಕೆಲಸದ ಮಾತೇ ಆಡಬೇಕು. "ಸಾಯ್ತಿರೋ ಡಿಸ್ಕು ಎಲ್ಲಾ ಕೊಡಲ್ಲ. ಮೊದಲು ಯಾವುದು ಬೇಕು?"

"ಹಳೇದು. ಎಷ್ಟು ಹಳೇದಾದ್ರೆ ಅಷ್ಟು ಒಳ್ಳೇದು."

ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕು ಹುಡುಕುವುದಕ್ಕೇ ನಾಲ್ಕು ದಿನ ಹಿಡಿಯಿತು. ಧೂಳು ಸೋಸುವ ಗಾಜಿನ ಪೆಟ್ಟಿಗೆಯೊಳಗೆ ಕೈತೂರಿಸಿ, ಉಸಿರು ಬಿಗಿಹಿಡಿದು, ಆ ಡಿಸ್ಕಿನ ಮುಳ್ಳು ಕಳಚಿ ಇದಕ್ಕೆ ಕೂರಿಸಿದಳು. ಒಳಗೆ ತಿರುಗುವ ತಟ್ಟೆಯ ಮೇಲೆ ಗೀರು ಬಿದ್ದಿತ್ತು. ಪದೇ ಪದೇ ಆನ್ ಮಾಡಿದ್ದರ ಪುಣ್ಯ! ಹೊಸ ಮುಳ್ಳು ಮೂರು ಗಂಟೆ ಓದಿತು, ಆಮೇಲೆ ಕಿರ್ರ್ ಅಂತ ಅದೂ ಹೋಯಿತು. ಎರಡು ಸಾವಿರ ರೆಕಾರ್ಡಿಂಗಿನಲ್ಲಿ ಕೈಗೆ ಸಿಕ್ಕಿದ್ದು ಹನ್ನೊಂದು. ಹನ್ನೊಂದೂ ಮೊದಲ ತಿಂಗಳಿನವು.

ಗೆದ್ದೆ ಅಂದುಕೊಂಡು ಮೊದಲನೆಯದನ್ನು ಹಾಕಿದಳು. ಇಪ್ಪತ್ತೆರಡರ ಹುಡುಗನ ದನಿ. "ಇವತ್ತು ನಾ-ನಾ-ನಾನು..." ಮೌನ. "ಪೇ-ಪೇ-ಪೇ..." ಮತ್ತೆ ಮೌನ. "...ಹೋಗಿದ್ದೆ."

ಅವಳ ಕೈ ಮೌಸಿನ ಮೇಲೇ ನಿಂತಿತು. ಗೀರು ಬಿದ್ದ ಜಾಗದಲ್ಲಿ ಡಿಸ್ಕೂ ಹೀಗೇ ಮಾಡುತ್ತದೆ. ಒಂದೋ ಖಾಲಿ ಬಿಡುತ್ತದೆ, ಇಲ್ಲ ಹಿಂದಿನ ಚೂರನ್ನೇ ಎರಡು ಮೂರು ಸಲ ನುಡಿಸುತ್ತದೆ. ಈ ಮೌನ ಮನುಷ್ಯನದೋ, ಗೀರಿನದೋ? ಮತ್ತೆ ಕೇಳಿದಳು. ಹೆಡ್‌ಫೋನು ಬದಲಿಸಿ ಕೇಳಿದಳು. ಹತ್ತು ಸಲ ಕೇಳಿದಳು. ಗೊತ್ತಾಗಲಿಲ್ಲ. ಹುಟ್ಟಿದಾರಭ್ಯ ಮೋಸ ಮಾಡದ ಕಿವಿ ಇವತ್ತು ಕೈಕೊಟ್ಟಿತು, ಅವಳಿಗೆ ನಿಜಕ್ಕೂ ಅವಮಾನವಾಯಿತು.

ಹುಡುಗಿಯ ಅಪ್ಪನನ್ನು ಕರೆಸಿದಳು. ಆತ ಕೇಳಿ ಬೆವತುಹೋದ. "ಎಲ್ಲಿ ಉಗ್ಗಿದ್ದೆ ಅಂತ ನನಗೇ ನೆನಪಿಲ್ಲ ಮೇಡಂ. ಅದನ್ನ ಮರೆಯೋಕೇ ಅಲ್ವಾ ಅಷ್ಟು ವರ್ಷ ಒದ್ದಾಡಿದ್ದು?" ಮತ್ತೆ ಅವನೇ ಅಂದ: "ಮಗಳು ಭಾರೀ ಚುರುಕು. ಮಷೀನು ಕೆಟ್ಟು ಹೀಗೆ ಕೇಳ್ತಿದೆ, ನೀನು ಉಗ್ಗಿದ್ದಲ್ಲ ಅಂತಾಳೆ. ಮಷೀನಿನ ತೂತುಗಳನ್ನ ಮಾತ್ರ ಕತ್ತರಿಸಿ ತೆಗೆಯೋಕೆ ಆಗಲ್ವಾ?"

"ಯಾವುದು ಮಷೀನು ಅಂತ ಗೊತ್ತಿದ್ರೆ ತಾನೇ? ನಿಮ್ಮ ಉಗ್ಗನ್ನೇ ಕತ್ತರಿಸಿ ಎಸೆದ್ರೆ?"

"ಹಾಗಾದ್ರೆ ಡಿಸ್ಕು ಸರಿಯಾಗೇ ಇದೆ, ಎಲ್ಲಾ ನನ್ನದೇ ಅಂತ ನೀವೊಂದು ಮಾತು ಹೇಳಿಬಿಡಿ. ನೀವು ಹೊರಗಿನವರು. ನಂಬ್ತಾಳೆ."

ಕಿವಿಯಕ್ಕ ಕುರ್ಚಿ ಸರಿಸಿ ಎದ್ದಳು. "ಅಪ್ಪ ಸುಳ್ಳು ಹೇಳ್ತಾನೆ ಅನ್ನೋದೇ ಆ ಮಗುವಿನ ನೋವು. ಅದಕ್ಕೆ ಇನ್ನೊಂದು ಸುಳ್ಳು ಔಷಧೀನಾ? ಹೋಗಿ, ಕರ್ಕೊಂಡು ಬನ್ನಿ ಅವಳನ್ನ. ಇದ್ದದ್ದು ಇದ್ದ ಹಾಗೆ ಕೇಳಲಿ."

ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗಿ ಬಂದಳು. ತುಟಿ ಬಿಗಿದ ಮುಖ, ಎದೆಗವಚಿದ ಚೀಲ. ಕಿವಿಯಕ್ಕ ಮುದ್ದುಗಿದ್ದು ಮಾಡಲಿಲ್ಲ, ದೊಡ್ಡವರಿಗೆ ಹೇಳುವ ಹಾಗೇ ಹೇಳಿದಳು: "ನೋಡು ತಾಯಿ, ಈ ಡಿಸ್ಕು ಬಿದ್ದು ಪೆಟ್ಟಾಗಿದೆ. ಕೆಲವು ಕಡೆ ಇದೇ ತಡವರಿಸುತ್ತೆ. ಕೆಲವು ಕಡೆ ನಿಮ್ಮಪ್ಪ ಅಂತೆ. ಯಾವುದು ಯಾರದು ಅಂತ ನನಗೆ ಗೊತ್ತಾಗ್ಲಿಲ್ಲ. ನಿಮ್ಮಪ್ಪನಿಗೂ ಗೊತ್ತಾಗ್ಲಿಲ್ಲ."

ಸ್ಪೀಕರಿನಲ್ಲಿ ದನಿ ಬಂತು. "ಇವತ್ತು ನಾ-ನಾ-ನಾನು..." ಅಪ್ಪ ಗೋಡೆ ಕಡೆ ತಿರುಗಿ ನಿಂತಿದ್ದ. ಹುಡುಗಿ ಅಲ್ಲಾಡಲಿಲ್ಲ. ರೆಕಾರ್ಡಿಂಗು ಮುಗಿಯಿತು. ಮತ್ತೆ ಹಾಕು ಅಂತ ಬೆರಳು ತಿರುಗಿಸಿದಳು. ಎರಡನೇ ಸಲ ಕೇಳುವಾಗ ಅವಳ ಕುತ್ತಿಗೆಯ ನರ ಉಬ್ಬುವುದು, ಇಳಿಯುವುದು ಕಿವಿಯಕ್ಕನಿಗೆ ಕಾಣುತ್ತಿತ್ತು. ಮೂರನೇ ಸಲ, ನಾ-ನಾ-ನಾನು ಬಂದ ಕೂಡಲೇ, ಹುಡುಗಿ ನಿಲ್ಲಿಸು ಅಂತ ಕೈ ಎತ್ತಿದಳು. ಕಿವಿಯಕ್ಕ ನಿಲ್ಲಿಸಿದಳು.

"ಇ-ಇ-ಇದು ಮಷೀನು," ಅಂದಳು.

ಕಿವಿಯಕ್ಕ ಮತ್ತೆ ಒತ್ತಿದಳು. "ಪೇ-ಪೇ-ಪೇ..."

"ಇದು ಅ-ಅಪ್ಪ."

ಕಿವಿಯಕ್ಕನಿಗೆ ತಡೆಯಲಾಗಲಿಲ್ಲ. ಅವಳ ಕುತೂಹಲ ಎಂಥಾ ಹೊತ್ತಿನಲ್ಲೂ ಬಾಯಿ ಮುಚ್ಚಿ ಕೂರುವಂಥದ್ದಲ್ಲ. "ಅದು ಹೇಗೇ ಗೊತ್ತಾಯ್ತು ನಿನಗೆ?"

ಹುಡುಗಿ ಅವಳ ಕಡೆ ತಿರುಗಿದಳು. ಇಷ್ಟು ಸುಲಭದ್ದೂ ಗೊತ್ತಿಲ್ಲವಾ ಅನ್ನುವ ಮುಖ. "ಅಪ್ಪ ಮೊ-ಮೊ-ಮೊದಲು ಉಸಿರು ಹಿ...ಹಿಡೀತಾನೆ. ಮಷೀನು ಹಿಡಿಯಲ್ಲ."

ಮತ್ತೆ ಹಾಕಿ ಕೇಳಿದಳು ಕಿವಿಯಕ್ಕ. ಹೌದು. ಮನುಷ್ಯನ ಮೌನದ ಹಿಂದೆ ಸಣ್ಣಗೆ ಒಂದು ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗೀರಿನ ಮೌನಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ನಲವತ್ತು ವರ್ಷ ಮಷೀನುಗಳಿಗೆ ಕಿವಿಕೊಟ್ಟವಳು ಉಸಿರಿಗೆ ಕಿವಿಕೊಟ್ಟಿರಲಿಲ್ಲ. ಕೈ ತಾನಾಗಿಯೇ ಕೆನ್ನೆಗೆ ಹೋಯಿತು, ಎಂಥಾ ಹುಡುಗಿಯಪ್ಪಾ ಅಂತ.

ಹುಡುಗಿ ಈಗ ಬೆರಳು ಮಡಿಸಿ ಎಣಿಸುತ್ತಿದ್ದಳು. ಮಷೀನಿನದ್ದನ್ನು ಬಿಟ್ಟು, ಅಪ್ಪನದ್ದು ಮಾತ್ರ. ಒಂದು ಕೈ ಮುಗಿಯಿತು, ಇನ್ನೊಂದು ಕೈಯೂ ಮುಗಿಯಿತು, ರೆಕಾರ್ಡಿಂಗು ಇನ್ನೂ ಅರ್ಧವೂ ಆಗಿರಲಿಲ್ಲ. ಅವಳ ಕಣ್ಣು ಅರಳುತ್ತಾ ಹೋಯಿತು. ಕುರ್ಚಿಯಿಂದ ಧುಮುಕಿ ಓಡಿ, ಗೋಡೆಗೆ ಮುಖ ಮಾಡಿದ್ದವನ ಅಂಗಿ ಹಿಡಿದು ಜಗ್ಗಿದಳು.

"ಅಪ್ಪಾ! ನೀ-ನೀನು ನನಗಿಂತ ಜಾ...ಜಾ...ಜಾಸ್ತಿ!"

ಆತ ತಿರುಗಿದ. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. "ಹೂಂ ಕಣೇ. ತುಂಬಾ ಜಾಸ್ತಿ."

ಹುಡುಗಿ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಬಂದು ಕುರ್ಚಿ ಹತ್ತಿ ಕೂತು, ಕಿವಿಯಕ್ಕನಿಗೆ ಹೇಳಿದಳು: "ಇ-ಇ-ಇನ್ನೊಂದು ಹಾ..."

ಆ ಪದ ಸಿಕ್ಕಿಕೊಂಡಿತು. ಇಬ್ಬರು ದೊಡ್ಡವರೂ ಸುಮ್ಮನೆ ಕಾದರು.

"...ಹಾಕಿ."